ಭಾವಚಿತ್ರದ ಹಳೆಯ ಮಸೂರ

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕನ್ನಡ ಪಾಠ ಹೇಳಿದವನೊಬ್ಬನು ಕ್ಯಾಮೆರಾದ ವಿಷಯವಾಗಿ ಮಾತನಾಡಲು ಕುಳಿತರೆ ಕೇಳುವವರಿಗೆ ಆಶ್ಚರ್ಯವಾಗುವುದು ಸಹಜ. ಹಳಗನ್ನಡದ ಪದ್ಯವೊಂದನ್ನು ಬಿಡಿಸಿ ಅರ್ಥ ಹೇಳಬಲ್ಲೆನೇ ಹೊರತು ಬೆಳಕಿನ ಶಾಸ್ತ್ರ ನಾನು ಓದಿದ್ದಲ್ಲ. ಆದರೂ ನಿವೃತ್ತನಾದ ಮೇಲೆ ಒಂದು ಸಣ್ಣ ವಸ್ತು ನನಗೆ ಕಲಿಸಿದ ಪಾಠವನ್ನೂ ಆ ಪಾಠಕ್ಕಾಗಿ ನಾನು ತೆತ್ತ ಬೆಲೆಯನ್ನೂ ನಾಲ್ಕು ಜನರ ಮುಂದೆ ಹೇಳಬೇಕೆನ್ನಿಸಿದೆ. ಮನೆಯ ಕಪಾಟಿನಲ್ಲಿ ಹಳೆಯ ಕ್ಯಾಮೆರಾ ಇಟ್ಟುಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ. ಅವರಿಗೆ ಇದರಿಂದ ಉಪಯೋಗವಾದೀತು.

ಆ ವಸ್ತು ಒಂದು ಮಸೂರ. ಅಂಗಡಿಯ ಮಾತಿನಲ್ಲಿ ಲೆನ್ಸ್. ಶಹಾಬಾದಿನಲ್ಲಿ ಬಹುಕಾಲ ಸ್ಟುಡಿಯೋ ನಡೆಸಿದ ಹಿರಿಯ ಮಿತ್ರರೊಬ್ಬರು ಅಂಗಡಿ ಮುಚ್ಚಿದ ದಿನ ಅದನ್ನು ನನ್ನ ಕೈಗಿಟ್ಟರು. ಕಲ್ಲಿನ ಗಣಿಗಳಲ್ಲಿ, ಸಿಮೆಂಟಿನ ಕಾರ್ಖಾನೆಯಲ್ಲಿ ದುಡಿಯುವವರು ಮದುವೆಯಾದ ಹೊಸತರಲ್ಲಿ, ಕೂಸು ಹುಟ್ಟಿದಾಗ, ಊರಿಗೆ ಕಾಗದದೊಡನೆ ಕಳಿಸುವುದಕ್ಕೆಂದು ಆ ಸ್ಟುಡಿಯೋದ ಬೆಂಚಿನ ಮೇಲೆ ಬಂದು ಕುಳಿತವರು. ಅಷ್ಟು ಮುಖಗಳು ಆ ಗಾಜಿನ ಮೂಲಕ ಹಾದುಹೋಗಿವೆ. ಸೋವಿಯತ್ ದೇಶದ ಜೆನಿತ್ ಕ್ಯಾಮೆರಾದೊಡನೆ ಬರುತ್ತಿದ್ದ ಹೀಲಿಯೋಸ್ 44 ಎಂಬ ಮಸೂರವದು. ಜರ್ಮನಿಯ ಝೈಸ್ ಕಾರ್ಖಾನೆಯ ಬಯೋಟಾರ್ ಅದರ ಮೂಲ ಮಾದರಿ. ಸಂಗಮದೂರ 58 ಮಿ.ಮೀ.; ಬೆಳಕಿನ ದ್ವಾರವನ್ನು ಪೂರ್ತಿ ತೆರೆದಾಗ ಎಫ್ 2. ಕೈಗಿಡುವಾಗ ಅವರು ಹೇಳಿದ ಮಾತು ಇಷ್ಟೆ: “ಗಾಜಿಗಿ ಮುಪ್ಪಿಲ್ಲರಿ ಸರ್. ಮುಪ್ಪು ನನಗ ಬಂದದ.”

ಹಾಗಾದರೆ ಮುಪ್ಪಿಲ್ಲದ ಈ ಗಾಜನ್ನು ಇಂದಿನ ಯಾವ ಕ್ಯಾಮೆರಾಕ್ಕೆ ತೊಡಿಸಬೇಕು? ಈಗ ಕ್ಯಾಮೆರಾಗಳಲ್ಲಿ ಎರಡು ಮುಖ್ಯ ಜಾತಿಗಳಿವೆ. ಒಂದು, ಒಳಗೆ ಕನ್ನಡಿಯಿರುವ ಡಿಎಸ್‌ಎಲ್‌ಆರ್. ಇನ್ನೊಂದು, ಕನ್ನಡಿಯನ್ನು ಕಿತ್ತುಹಾಕಿದ ಮಿರರ್‌ಲೆಸ್. ಹಳೆಯ ಮಸೂರಕ್ಕೆ ಹಳೆಯ ಜಾತಿಯ ಕ್ಯಾಮೆರಾವೇ ಸರಿಯಾದ ಜೊತೆ ಎಂದು ಯಾರಿಗಾದರೂ ತೋರುತ್ತದೆ. ನನಗೂ ಹಾಗೆಯೇ ತೋರಿತ್ತು. ಅದು ತಪ್ಪು ಎಂಬುದನ್ನು ಹೇಳುವುದೇ ಈ ಮಾತಿನ ಉದ್ದೇಶ.

ಮೊದಲು ಭಾವಚಿತ್ರದ ಮಸೂರ ಎಂದರೇನು ಎಂಬುದನ್ನು ನೋಡೋಣ. 1839ರಲ್ಲಿ ಪ್ಯಾರಿಸ್ಸಿನ ಡಾಗೆರ್ ಕಂಡುಹಿಡಿದ ವಿಧಾನ ಲೋಕಕ್ಕೆ ತಿಳಿದಾಗ ಅದು ಕಟ್ಟಡಗಳ ಚಿತ್ರಕ್ಕೆ ಒಪ್ಪುವಂತಿತ್ತು, ಮನುಷ್ಯರ ಚಿತ್ರಕ್ಕಲ್ಲ. ಮಸೂರದ ದ್ವಾರ ಬಹಳ ಕಿರಿದಾಗಿದ್ದುದರಿಂದ ಕುಳಿತವರು ನಿಮಿಷಗಟ್ಟಲೆ ಮಿಸುಕದೆ ಇರಬೇಕಾಗಿತ್ತು. ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಆನಿಕೆ ಕೊಡುತ್ತಿದ್ದರು. ಮರುವರ್ಷವೇ, ಅಂದರೆ 1840ರಲ್ಲಿ, ವಿಯೆನ್ನಾದಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಜೋಸೆಫ್ ಪೆಟ್ಜ್‌ವಾಲ್ ಎಂಬವರು ಸೈನ್ಯದ ಫಿರಂಗಿದಳದ ಲೆಕ್ಕಿಗರ ನೆರವು ಪಡೆದು, ಮೊದಲು ಕಾಗದದ ಮೇಲೆ ಗುಣಿಸಿ, ಎಫ್ 3.6 ದ್ವಾರದ ಹೊಸ ಮಸೂರವೊಂದನ್ನು ರೂಪಿಸಿದರು. ಫೋಕ್ಟ್‌ಲೆಂಡರ್ ಸಂಸ್ಥೆ ಅದನ್ನು ತಯಾರಿಸಿತು. ಹಿಂದಿನವುಗಳಿಗಿಂತ ಸುಮಾರು ಇಪ್ಪತ್ತು ಪಟ್ಟು ಬೆಳಕು ಅದರೊಳಗೆ ಹರಿಯುತ್ತಿತ್ತು. ನಿಮಿಷಗಳ ಕೆಲಸ ಸೆಕೆಂಡುಗಳಿಗೆ ಇಳಿಯಿತು. ಚಿತ್ರದ ನಡುಭಾಗ ಮಾತ್ರ ಸ್ಫುಟ, ಅಂಚು ಮಂಜು ಎಂಬ ದೋಷವೊಂದು ಅದಕ್ಕಿತ್ತು. ಮುಖದ ಚಿತ್ರಕ್ಕೆ ಆ ದೋಷವೇ ಗುಣವಾಯಿತು. ನಡುವೆ ಮುಖ ನಿಂತಿತು. ಸುತ್ತಲಿನ ಲೋಕ ಕರಗಿತು. ಗಣಿತದ ಮೇಷ್ಟರೊಬ್ಬರು ಲೆಕ್ಕ ಹಾಕಿ ಮಾಡಿದ್ದೆಂಬ ಕಾರಣದಿಂದಲೇ ಏನೋ, ನನ್ನಂಥ ಮಾಸ್ತರನಿಗೂ ಈ ಮಸೂರಗಳ ಮೇಲೆ ಒಂದು ಸಲಿಗೆ.

ನಮ್ಮ ಸೀಮೆ ಆಗ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕರಾಗಿದ್ದ ರಾಜಾ ದೀನದಯಾಳರು (1844–1905) ಸಿಕಂದರಾಬಾದಿನಲ್ಲಿ ಸ್ಟುಡಿಯೋ ನಡೆಸಿ ಅರಸರ, ಅಮೀರರ, ಆಂಗ್ಲ ಅಧಿಕಾರಿಗಳ ಭಾವಚಿತ್ರಗಳನ್ನು ತೆಗೆದರು. ಆ ಭಾಗ್ಯ ಅಮೀರರ ದಿವಾನಖಾನೆಯಿಂದ ಇಳಿದು ಶಹಾಬಾದಿನ ಗಣಿಯಾಳಿನ ಗುಡಿಸಲಿನ ಗೋಡೆಗೆ ಬರಲು ಇನ್ನೂ ಬಹಳ ಕಾಲ ಹಿಡಿಯಿತು.

ಭಾವಚಿತ್ರದ ಆಸೆ ಮಾತ್ರ ಕ್ಯಾಮೆರಾಕ್ಕಿಂತ ಎಷ್ಟೋ ಹಳೆಯದು. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ, ಭೀಮಾ ನದಿಯ ದಂಡೆಯ ಕನಗನಹಳ್ಳಿಯಲ್ಲಿ ಪುರಾತತ್ತ್ವ ಇಲಾಖೆಯವರು 1990ರ ದಶಕದಲ್ಲಿ ಬೌದ್ಧ ಸ್ತೂಪವೊಂದನ್ನು ಅಗೆದು ತೆಗೆದರು. ಅಲ್ಲಿಯ ಸುಣ್ಣಕಲ್ಲಿನ ಫಲಕವೊಂದರಲ್ಲಿ ರಾಣಿ ಪರಿಚಾರಿಕೆಯರೊಡನೆ ನಿಂತ ಅರಸನಿದ್ದಾನೆ. ಪಕ್ಕದಲ್ಲಿ ಬ್ರಾಹ್ಮೀ ಲಿಪಿಯಲ್ಲಿ ‘ರಾಯೋ ಅಸೋಕೊ’ ಎಂದು ಕೆತ್ತಿದೆ. ಮುಖವೂ ಹೆಸರೂ ಒಂದೆಡೆ ಸೇರಿದ ಅಶೋಕನ ಚಿತ್ರವೆಂದು ವಿದ್ವಾಂಸರು ಅದನ್ನು ಕೊಂಡಾಡುತ್ತಾರೆ. ಆದರೆ ಆ ಶಿಲ್ಪ ಅಶೋಕನ ಕಾಲಕ್ಕಿಂತ ಬಹಳ ಈಚಿನದು; ಕೆತ್ತಿದವನು ಅರಸನ ಮುಖವನ್ನು ಕಂಡವನಲ್ಲ. ಶಿಲ್ಪಿಗೆ ಆ ಸ್ವಾತಂತ್ರ್ಯವಿದೆ. ಮಸೂರಕ್ಕಿಲ್ಲ. ಅದು ಕೆಲಸ ಮಾಡಬೇಕಾದರೆ ಮನುಷ್ಯನು ಜೀವಂತವಾಗಿ ಎದುರಿಗೆ ಕುಳಿತಿರಬೇಕು. ಈ ಮಾತನ್ನು ಇಲ್ಲಿ ಇಟ್ಟು ಮುಂದೆ ಹೋಗುತ್ತೇನೆ.

ಮುಖದ ಚಿತ್ರಕ್ಕೆ ಮಸೂರದ ಸಂಗಮದೂರ ಸ್ವಲ್ಪ ದೀರ್ಘವಾಗಿರಬೇಕು ಎನ್ನುತ್ತಾರೆ. ಏಕೆ? ಮೂಗಿನ ತುದಿಗೂ ಕಿವಿಗೂ ನಡುವೆ ಹನ್ನೆರಡು ಸೆಂಟಿಮೀಟರ್ ಅಂತರವಿದೆಯೆಂದು ಇಟ್ಟುಕೊಳ್ಳಿ. ಮೂಗಿಗೆ 40 ಸೆಂಟಿಮೀಟರ್ ದೂರದಲ್ಲಿ ಕ್ಯಾಮೆರಾ ಹಿಡಿದರೆ ಕಿವಿ ಇರುವುದು 52ರಲ್ಲಿ. ಅಂದರೆ ಕಿವಿಯ ಅಳತೆಗೆ ಹೋಲಿಸಿದರೆ ಮೂಗು ನೂರಕ್ಕೆ ಮೂವತ್ತರಷ್ಟು ದೊಡ್ಡದಾಗಿ ಕಾಣುತ್ತದೆ. ಅದೇ ಒಂದೂವರೆ ಮೀಟರ್ ಹಿಂದೆ ಸರಿದರೆ ಆ ಹೆಚ್ಚಳ ನೂರಕ್ಕೆ ಎಂಟಕ್ಕೆ ಇಳಿಯುತ್ತದೆ. ಮುಖ ಮುಖದಂತೆ ಕಾಣುತ್ತದೆ. ಮೊಬೈಲಿನಲ್ಲಿ ತಾವೇ ತೆಗೆದುಕೊಂಡ ಚಿತ್ರ ನೋಡಿ ತಮ್ಮ ಮೂಗಿನ ಬಗ್ಗೆ ಕೊರಗುವ ತರುಣ ತರುಣಿಯರು ಇಷ್ಟು ತಿಳಿದುಕೊಂಡರೆ ಸಾಕು, ದೋಷ ಮೂಗಿನದಲ್ಲ, ದೂರದ್ದು. ಹಿಂದೆ ಸರಿದು ನಿಂತ ಮೇಲೂ ಮುಖ ಚೌಕಟ್ಟನ್ನು ತುಂಬಬೇಕಾದರೆ ದೀರ್ಘ ಸಂಗಮದೂರ ಬೇಕು. 36 ಮಿ.ಮೀ. ಅಗಲದ ಹಳೆಯ ಫಿಲ್ಮಿನ ಅಳತೆಗೆ 85ರಿಂದ 105 ಮಿ.ಮೀ. ಇದಕ್ಕೆ ಹೇಳಿ ಮಾಡಿಸಿದಂತೆ. 1984ರಲ್ಲಿ ಸ್ಟೀವ್ ಮೆಕ್‌ಕರಿ ಎಂಬವರು ನಿರಾಶ್ರಿತರ ಶಿಬಿರದಲ್ಲಿ ತೆಗೆದ ಹಸಿರುಗಣ್ಣಿನ ಆಫ್ಘನ್ ಬಾಲಕಿಯ ಚಿತ್ರವನ್ನು ನೀವು ನೋಡಿರಬಹುದು. ಅದು ನಿಕಾನ್ ಸಂಸ್ಥೆಯ 105 ಮಿ.ಮೀ. ಮಸೂರದ ಫಲ. ಇಂದಿನ ಸಾಧಾರಣ ಬೆಲೆಯ ಕ್ಯಾಮೆರಾಗಳ ಸೆನ್ಸರ್ ಹಳೆಯ ಫಿಲ್ಮಿಗಿಂತ ಚಿಕ್ಕದು, ಸುಮಾರು 23.5 ಮಿ.ಮೀ. ಅಗಲ. ಚಿತ್ರದ ನಡುಭಾಗವನ್ನಷ್ಟೇ ಅದು ಹಿಡಿಯುವುದರಿಂದ ನನ್ನ 58 ಮಿ.ಮೀ. ಮಸೂರ ಅದರ ಮೇಲೆ 87 ಮಿ.ಮೀ.ನಂತೆ ವರ್ತಿಸುತ್ತದೆ. ಹೀಗೆ ಸ್ಟುಡಿಯೋದಲ್ಲಿ ಸಾಮಾನ್ಯ ಮಸೂರವಾಗಿದ್ದದ್ದು ನನ್ನ ಮನೆಗೆ ಬಂದು ಭಾವಚಿತ್ರದ ಮಸೂರವಾಯಿತು.

ಇನ್ನು ಕನ್ನಡಿಯ ವಿಚಾರ. ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಮಸೂರಕ್ಕೂ ಸೆನ್ಸರಿಗೂ ನಡುವೆ ಓರೆಯಾಗಿ ಒಂದು ಕನ್ನಡಿ ನಿಂತಿರುತ್ತದೆ. ಮಸೂರದಿಂದ ಬಂದ ಬೆಳಕು ಕನ್ನಡಿಗೆ ಬಡಿದು ಮೇಲಕ್ಕೇರಿ, ಅಲ್ಲಿರುವ ಉಜ್ಜುಗಾಜಿನ ಮೇಲೆ ಬಿಂಬವಾಗಿ, ಪ್ರಿಸಮ್ಮಿನೊಳಗೆ ತಿರುಗಿ ನಮ್ಮ ಕಣ್ಣಿಗೆ ತಲಪುತ್ತದೆ. ಗುಂಡಿ ಒತ್ತಿದೊಡನೆ ಕನ್ನಡಿ ಮೇಲೆ ಹಾರುತ್ತದೆ. ಬೆಳಕು ನೇರ ಸೆನ್ಸರಿಗೆ ಬೀಳುತ್ತದೆ. ಬಾಗಿಲು ಒಳಕ್ಕೆ ತೆರೆಯುವ ಕೋಣೆಯಲ್ಲಿ ಬಾಗಿಲು ತಿರುಗುವಷ್ಟು ಜಾಗ ಖಾಲಿ ಬಿಡಬೇಕಲ್ಲವೇ? ಹಾಗೆಯೇ ಈ ಕನ್ನಡಿ ಆಡಲು ಜಾಗ ಬೇಕು. ಆದ್ದರಿಂದ ಇಂಥ ಕ್ಯಾಮೆರಾದಲ್ಲಿ ಮಸೂರ ಕೂಡುವ ಬಾಯಿಗೂ ಸೆನ್ಸರಿಗೂ ನಡುವೆ ನಾಲ್ಕು ಸೆಂಟಿಮೀಟರಿಗೂ ಮೇಲ್ಪಟ್ಟು ಅಂತರವಿರುತ್ತದೆ. ನಿಕಾನಿನಲ್ಲಿ 46.5 ಮಿ.ಮೀ., ಕ್ಯಾನನ್ ಇಎಫ್‌ನಲ್ಲಿ 44 ಮಿ.ಮೀ. ನನ್ನ ಹೀಲಿಯೋಸಿನಂತೆ ತಿರುಪಿನಿಂದ ಕೂಡುವ ಹಳೆಯ ಮಸೂರಗಳಿಗೆ 45.46 ಮಿ.ಮೀ.

ಅಂಕಿಗಳಿಂದ ನಿಮ್ಮನ್ನು ದಣಿಸುವುದು ನನ್ನ ಇಷ್ಟವಲ್ಲ. ಆದರೆ ಎಲ್ಲ ಗುಟ್ಟೂ ಇಲ್ಲಿದೆ. ಪ್ರತಿ ಮಸೂರವೂ ಸೆನ್ಸರಿನಿಂದ ತನ್ನ ನಿಯತವಾದ ದೂರದಲ್ಲಿ ಕೂತರೆ ಮಾತ್ರ ದೂರದ ದಿಗಂತವನ್ನು ಸ್ಫುಟವಾಗಿ ಕಾಣಬಲ್ಲದು. ಕ್ಯಾಮೆರಾದ ಅಂತರ ಮಸೂರ ಬೇಡುವ ಅಂತರಕ್ಕಿಂತ ಕಡಿಮೆಯಿದ್ದರೆ ನಡುವೆ ಒಂದು ಬಳೆ ಸೇರಿಸಿ ಸರಿದೂಗಿಸಬಹುದು. ಹೆಚ್ಚಿದ್ದರೆ ಮಾಡುವುದೇನು? ಲೋಹವನ್ನು ಸೇರಿಸಬಹುದು, ಕಳೆಯಲು ಬರುವುದಿಲ್ಲ. 45.46ನ್ನು ಬೇಡುವ ಹೀಲಿಯೋಸನ್ನು 46.5ರ ನಿಕಾನಿಗೆ ತೊಡಿಸಿದರೆ ಆ ಒಂದು ಮಿಲಿಮೀಟರಿನ ಹೆಚ್ಚಳದಿಂದಲೇ ಸುಮಾರು ಮೂರೂಕಾಲು ಮೀಟರಿನ ಆಚೆಗಿನದೆಲ್ಲ ಮಂಜಾಗುತ್ತದೆ. ಕೂಡಿಸುವ ಬಳೆಯ ದಪ್ಪವೂ ಸೇರಿದರೆ ಆ ಎಲ್ಲೆ ಇನ್ನೂ ಹತ್ತಿರಕ್ಕೆ ಬರುತ್ತದೆ. ಒಂದೂವರೆ ಮೀಟರಿನಲ್ಲಿ ಕುಳಿತ ಮುಖಕ್ಕೆ ಹೇಗೋ ಸಾಕಾದೀತು. ಅಂಗಳದ ಆಚೆಯ ಬೇವಿನ ಮರಕ್ಕೆ ಸಾಲದು. ಇದನ್ನು ಸರಿಪಡಿಸಲು ಒಳಗೆ ಇನ್ನೊಂದು ಗಾಜನ್ನಿಟ್ಟ ಬಳೆಗಳು ಸಿಗುತ್ತವೆ. ಆದರೆ ಒಳ್ಳೆಯ ಗಾಜಿನ ಹಿಂದೆ ಅಗ್ಗದ ಗಾಜನ್ನಿಡುವುದು ಹಾಲಿಗೆ ನೀರು ಬೆರೆಸಿದಂತೆ. ಇದಲ್ಲದೆ ಕೆಲವು ಹಳೆಯ ಮಸೂರಗಳ ಬೆನ್ನು ಹಿಂದಕ್ಕೆ ಚಾಚಿಕೊಂಡಿರುವುದರಿಂದ ಕನ್ನಡಿ ಮೇಲೇಳುವಾಗ ಅದಕ್ಕೆ ತಾಗುವ ಅಪಾಯವೂ ಉಂಟು.

ಈಗ ನನ್ನ ಸೋಲಿನ ಕಥೆ. ಮಗ ಬಿಟ್ಟುಹೋಗಿದ್ದ ಡಿಎಸ್‌ಎಲ್‌ಆರ್ ಒಂದು ಮನೆಯಲ್ಲಿತ್ತು. ಅದರ ಅಂತರ ನನ್ನ ಮಸೂರಕ್ಕೆ ಒಗ್ಗುವಂಥದ್ದೇ. ತೆಳುವಾದ ಬಳೆಯೊಂದನ್ನು ತರಿಸಿ ಜೋಡಿಸಿದೆ. 2019ರ ಮಾಗಿಯ ಒಂದು ಬೆಳಗ್ಗೆ, ಸೇಡಂನ ನಮ್ಮ ಮನೆಯ ಪಡಸಾಲೆಯಲ್ಲಿ ಅವ್ವನನ್ನು ಕೂಡಿಸಿದೆ. ಅವಳಿಗೆ ಆಗ ಎಂಬತ್ತಾರು. ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು, ಕಿವಿಯಲ್ಲಿ ಬುಗಡಿ ಇಟ್ಟುಕೊಂಡು, ಜನ್ಮದಲ್ಲಿ ಮೊದಲ ಸಲ ಒಬ್ಬಳೇ ಒಂದು ಚಿತ್ರಕ್ಕೆಂದು ಕುಳಿತಳು. ಗುರುತಿನ ಚೀಟಿಗೆ ತೆಗೆಸಿದ್ದನ್ನು ಅವಳು ಚಿತ್ರವೆಂದು ಎಣಿಸಿರಲಿಲ್ಲ.

ಹಳೆಯ ಹೀಲಿಯೋಸಿನಲ್ಲಿ ದ್ವಾರಕ್ಕೆ ಎರಡು ಬಳೆಗಳಿವೆ. ಒಂದರಲ್ಲಿ ಬೇಕಾದ ಅಳತೆಯನ್ನು ಗೊತ್ತುಮಾಡಿ, ಇನ್ನೊಂದರಿಂದ ದ್ವಾರವನ್ನು ಪೂರ್ತಿ ತೆರೆದು ಫೋಕಸ್ ಮಾಡಿ, ಮತ್ತೆ ಮುಚ್ಚಿ, ಗುಂಡಿ ಒತ್ತಬೇಕು. ಮುಚ್ಚಿದೊಡನೆ ಕನ್ನಡಿಯ ಕ್ಯಾಮೆರಾದೊಳಗೆ ಕತ್ತಲೆ ಕವಿಯುತ್ತದೆ. ನಾನು ತೆರೆದು ಮುಚ್ಚುವುದರಲ್ಲಿ ಅವ್ವ ಒಂದಿಷ್ಟು ಮುಂದೆ ಬಾಗುವಳು, ಇಲ್ಲವೇ ಹಿಂದೆ ಒರಗುವಳು. ಕಡೆಗೆ ದ್ವಾರ ತೆರೆದೇ ಇರಲಿ ಎಂದು ಎಫ್ 2ರಲ್ಲಿಯೇ ಹದಿನೇಳು ಚಿತ್ರ ತೆಗೆದೆ. “ಸಾಕೇನೋ ತಮ್ಮಾ, ಕಾಲು ಜೋಮು ಹಿಡದಾವ” ಎಂದಳು. ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯಲ್ಲಿ ಎಲ್ಲವೂ ಚೆಂದವಾಗಿಯೇ ಕಂಡವು.

ನಾಲ್ಕು ತಿಂಗಳಿಗೆ ಅವ್ವ ತೀರಿಕೊಂಡಳು. ಪೂಜೆಗಿಡಲು ಚಿತ್ರ ಬೇಕಾಯಿತು. ಕಂಪ್ಯೂಟರಿನಲ್ಲಿ ಆ ಹದಿನೇಳನ್ನೂ ದೊಡ್ಡದು ಮಾಡಿ ನೋಡಿದೆ. ಒಂದರಲ್ಲಿಯೂ ಕಣ್ಣು ಸ್ಫುಟವಾಗಿರಲಿಲ್ಲ. ಕೆಲವದರಲ್ಲಿ ಮೂಗಿನ ತುದಿ, ಹೆಚ್ಚಿನವುಗಳಲ್ಲಿ ಕಿವಿ. ಬುಗಡಿಯ ಒಂದೊಂದು ಮುತ್ತನ್ನೂ ಎಣಿಸಬಹುದಾಗಿತ್ತು. ಕಣ್ಣುಗಳು ಮಾತ್ರ ನೀರಿನೊಳಗಿಂದ ನೋಡಿದಂತಿದ್ದವು. ಕೊನೆಗೆ ಗುರುತಿನ ಚೀಟಿಯ ಚಿತ್ರವನ್ನೇ ಹಿಗ್ಗಿಸಿ, ಕಟ್ಟು ಹಾಕಿಸಿ, ಮಾಲೆ ಹಾಕಿದೆವು. ನಮ್ಮ ಕಡೆಯ ಎಷ್ಟೋ ಮನೆಗಳ ಗೋಡೆಯ ಮೇಲೆ ಹಿರಿಯರು ಹೀಗೆಯೇ, ಯಾವುದೋ ಕಚೇರಿಯ ಬೆಳಕಿನಲ್ಲಿ ಬೆಚ್ಚಿದ ಮುಖದಿಂದ ಕುಳಿತಿದ್ದಾರೆ.

ಏಕೆ ಹೀಗಾಯಿತೆಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ಕಾರಣಗಳು ಮೂರು. ಮೊದಲನೆಯದು, ಎಫ್ 2ರಲ್ಲಿ ಒಂದೂವರೆ ಮೀಟರ್ ದೂರದ ಮುಖದಲ್ಲಿ ಸ್ಫುಟವಾಗಿ ನಿಲ್ಲುವ ಆಳ ಸುಮಾರು ಐದು ಸೆಂಟಿಮೀಟರ್ ಮಾತ್ರ. ಅದರ ಹಿಂಭಾಗ ಬಿಟ್ಟರೆ ಮುಂದಕ್ಕೆ ಉಳಿಯುವುದು ಎರಡೂವರೆ. ಕೂತವರು ಉಸಿರೆಳೆದುಕೊಂಡರೂ, ನಿಂತವನು ತೂಗಿದರೂ ಅದು ಕೈತಪ್ಪುತ್ತದೆ. ಎರಡನೆಯದು ನನಗೆ ಗೊತ್ತೇ ಇರಲಿಲ್ಲ. ಈಚಿನ ಡಿಎಸ್‌ಎಲ್‌ಆರ್‌ಗಳ ಉಜ್ಜುಗಾಜನ್ನು ಕಿರಿದಾದ ದ್ವಾರದ ಝೂಮ್ ಮಸೂರಗಳಿಗೂ ಬೆಳ್ಳಗೆ ಕಾಣುವಂತೆ ನುಣುಪು ಮಾಡಿರುತ್ತಾರೆ. ಕ್ಯಾಮೆರಾ ತಾನೇ ಫೋಕಸ್ ಮಾಡಿಕೊಳ್ಳುವ ಕಾಲದ ಗಾಜು ಅದು. ಎಫ್ 2ರ ನಿಜವಾದ ತೆಳುವನ್ನು ಆ ಗಾಜು ತೋರಿಸುವುದೇ ಇಲ್ಲ. ಅದರಲ್ಲಿ ಮೂಗೂ ಕಣ್ಣೂ ಕಿವಿಯೂ ಒಂದೇ ಸಮ ಸ್ಫುಟವಾಗಿ ಕಾಣುತ್ತವೆ. ಹಳೆಯ ಕಾಲದ ಫಿಲ್ಮ್ ಕ್ಯಾಮೆರಾಗಳಲ್ಲಿ ಗಾಜು ಒರಟಾಗಿತ್ತು. ಎಷ್ಟೋ ಕ್ಯಾಮೆರಾಗಳಲ್ಲಿ ನಡುವೆ ಬಿಂಬವನ್ನು ಸೀಳಿ ತೋರಿಸುವ ವೃತ್ತವೂ ಇತ್ತು. ಅಂದರೆ ಹಳೆಯ ಮಸೂರಕ್ಕೆ ಒಗ್ಗಿದ್ದದ್ದು ಹಳೆಯ ಫಿಲ್ಮ್ ಕ್ಯಾಮೆರಾವೇ ಹೊರತು ಅದರ ವೇಷ ತೊಟ್ಟ ಡಿಜಿಟಲ್ ಕ್ಯಾಮೆರಾವಲ್ಲ. ಮೂರನೆಯದು, ಕಣ್ಣಿಗೆ ಹೋಗುವ ದಾರಿ ಬೇರೆ, ಸೆನ್ಸರಿಗೆ ಹೋಗುವ ದಾರಿ ಬೇರೆ. ಎರಡೂ ಕೂದಲೆಳೆಯಷ್ಟು ವ್ಯತ್ಯಾಸವಾದರೂ ನಾವು ಕಂಡದ್ದೊಂದು, ಚಿತ್ರವಾದದ್ದು ಇನ್ನೊಂದು. ಇವುಗಳ ಜೊತೆಗೆ ಜೀವಮಾನವೆಲ್ಲ ಉತ್ತರಪತ್ರಿಕೆ ತಿದ್ದಿ ಪೊರೆ ಬಂದಿದ್ದ ನನ್ನ ಕಣ್ಣುಗಳು. ಕ್ಯಾಮೆರಾವನ್ನಾಗಲಿ ಅದನ್ನು ಮಾಡಿದವರನ್ನಾಗಲಿ ನಾನು ದೂರಲಾರೆ. ಯಾವ ಕೆಲಸಕ್ಕೆ ಅದನ್ನು ಮಾಡಿದ್ದರೋ ಅದನ್ನು ಬಿಟ್ಟು ಬೇರೆಯದನ್ನು ನಾನು ಅದರಿಂದ ಕೇಳಿದ್ದೆ. ಬೆನ್ನಿನ ಪರದೆಯಲ್ಲಿ ಬಿಂಬವನ್ನು ಹಿಗ್ಗಿಸಿ ಫೋಕಸ್ ಮಾಡುವ ಅನುಕೂಲ ಬಹಳಷ್ಟು ಡಿಎಸ್‌ಎಲ್‌ಆರ್‌ಗಳಲ್ಲಿಯೂ ಇದೆಯೆಂದು ಆಮೇಲೆ ತಿಳಿಯಿತು. ಕ್ಯಾಮೆರಾವನ್ನು ಮೂರುಕಾಲಿನ ಮೇಲಿಟ್ಟು, ನೆರಳಿನಲ್ಲಿ ಮಾಡಿದರೆ ಅದು ಒಳ್ಳೆಯ ಉಪಾಯವೇ. ನಮ್ಮ ಬಿಸಿಲಿನಲ್ಲಿ ತೋಳು ಚಾಚಿ ಹಿಡಿದು ಮಾಡಹೊರಟರೆ ಪರದೆಯಲ್ಲಿ ನಮ್ಮ ಮುಖವೇ ಕಾಣುತ್ತದೆ.

ಮಿರರ್‌ಲೆಸ್ ಕ್ಯಾಮೆರಾದಲ್ಲಿ ಈ ತೊಡಕು ಬುಡದಲ್ಲಿಯೇ ಇಲ್ಲವಾಗುತ್ತದೆ. 2008ರಲ್ಲಿ ಪ್ಯಾನಸಾನಿಕ್ ಜಿ 1ರಿಂದ ಈ ಜಾತಿ ಮಾರುಕಟ್ಟೆಗೆ ಬಂತು. 2013ರಲ್ಲಿ ಸೋನಿ, ಹಳೆಯ ಫಿಲ್ಮಿನಷ್ಟೇ ಅಗಲದ ಸೆನ್ಸರನ್ನು ಇಂಥ ಕ್ಯಾಮೆರಾದಲ್ಲಿಟ್ಟಿತು. 2018ರಲ್ಲಿ ನಿಕಾನ್, ಕ್ಯಾನನ್‌ಗಳೂ ಅದೇ ದಾರಿ ಹಿಡಿದವು. ಕನ್ನಡಿ ಹೋದದ್ದರಿಂದ ಎರಡು ಲಾಭಗಳಾದವು. ಬಾಗಿಲು ತೆಗೆದ ಕೋಣೆಯಲ್ಲಿ ಜಾಗ ಮಿಗುವಂತೆ ಇಲ್ಲಿಯೂ ಮಿಕ್ಕಿತು. ಮಸೂರದ ಬಾಯಿಗೂ ಸೆನ್ಸರಿಗೂ ನಡುವಿನ ಅಂತರ ಸೋನಿಯಲ್ಲಿ 18 ಮಿ.ಮೀ., ಕ್ಯಾನನ್ ಆರ್‌ಎಫ್‌ನಲ್ಲಿ 20, ನಿಕಾನ್ ಝಡ್‌ನಲ್ಲಿ ಬರೀ 16. ಆದ್ದರಿಂದ 42 ಬೇಡುವ ಹಳೆಯ ಕ್ಯಾನನ್ ಎಫ್‌ಡಿಯೋ, 43.5 ಬೇಡುವ ಮಿನೋಲ್ಟಾವೋ, 46.5 ಬೇಡುವ ನಿಕಾನೋ, ಯಾವುದೇ ಇರಲಿ, ಉಳಿದ ಅಂತರವನ್ನು ಒಂದು ಟೊಳ್ಳು ನಳಿಗೆಯಿಂದ ತುಂಬಿಬಿಡಬಹುದು. ಒಳಗೆ ಗಾಜಿಲ್ಲ, ಯಂತ್ರವಿಲ್ಲ. ಇದನ್ನೇ ಅಡಾಪ್ಟರ್ ಎನ್ನುತ್ತಾರೆ.

ಅಡಾಪ್ಟರ್ ಎಂದಾಗಲೆಲ್ಲ ನನಗೆ ನಮ್ಮ ವಾಡಿ ಜಂಕ್ಷನ್ ನೆನಪಾಗುತ್ತದೆ. ಮುಂಬಯಿಯಿಂದ ರಾಯಚೂರಿನ ಕಡೆಗೆ ಹೋಗುವ ದಾರಿ ಒಂದು ಕಂಪೆನಿಯದು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹಾಕಿದ ದಾರಿ ನಿಜಾಮರದು. ಎರಡು ಆಡಳಿತಗಳ ಹಳಿಗಳು ವಾಡಿಯಲ್ಲಿ ಸಂಧಿಸಿದವು. ಜಂಕ್ಷನ್ನು ತಾನು ಏನನ್ನೂ ಬೆಳೆಯುವುದಿಲ್ಲ, ಏನನ್ನೂ ಮಾರುವುದಿಲ್ಲ. ಒಂದು ಕಡೆಯಿಂದ ಬಂದವರನ್ನು ಇನ್ನೊಂದು ಕಡೆಗೆ ದಾಟಿಸುತ್ತದೆ. ಒಳ್ಳೆಯ ಅಡಾಪ್ಟರ್ ಕೂಡ ಅಷ್ಟೇ ಮಾಡಬೇಕು; ಗಾಜಿನಿಂದ ಬಂದ ಬೆಳಕಿಗೆ ತನ್ನದೇನನ್ನೂ ಬೆರೆಸಬಾರದು.

ಎರಡನೆಯ ಲಾಭ ಇನ್ನೂ ದೊಡ್ಡದು. ಮಿರರ್‌ಲೆಸ್ಸಿನ ವ್ಯೂಫೈಂಡರಿನಲ್ಲಿ ನಾವು ಕಾಣುವುದು ಸೆನ್ಸರು ಕಂಡದ್ದನ್ನೇ. ಕಣ್ಣಿಗೊಂದು ದಾರಿ, ಚಿತ್ರಕ್ಕೊಂದು ದಾರಿ ಎಂಬುದಿಲ್ಲ. ಒಂದು ಗುಂಡಿ ಒತ್ತಿದರೆ ಕುಳಿತವರ ಕಣ್ಣಿನ ರೆಪ್ಪೆ ಹತ್ತು ಪಟ್ಟು ಹಿಗ್ಗಿ ನಮ್ಮೆದುರು ನಿಲ್ಲುತ್ತದೆ. ಸ್ಫುಟವಾದ ಗೆರೆಗಳ ಮೇಲೆ ಬಣ್ಣ ಹಚ್ಚಿ ತೋರಿಸುವ ಸೌಕರ್ಯವೂ ಇದೆ. ಪೀಕಿಂಗ್ ಎಂದು ಅದರ ಹೆಸರು. ಆದರೆ ಎಫ್ 2ರಂಥ ತೆಳುವಿನಲ್ಲಿ ಬಣ್ಣವನ್ನು ಪೂರ್ತಿ ನಂಬದೆ ಹಿಗ್ಗಿಸಿ ನೋಡುವುದೇ ಸರಿ. ದ್ವಾರ ಮುಚ್ಚಿದರೂ ಕತ್ತಲೆ ಕವಿಯುವುದಿಲ್ಲ. ಕ್ಯಾಮೆರಾ ತಾನೇ ಬಿಂಬವನ್ನು ಬೆಳಗಿಸಿಕೊಳ್ಳುತ್ತದೆ. ಆದ್ದರಿಂದ ಹೀಲಿಯೋಸಿನ ಎರಡು ಬಳೆಗಳ ಪರದಾಟವೂ ತಪ್ಪಿತು. ಕೆಲವು ಕ್ಯಾಮೆರಾಗಳಲ್ಲಿ ಸೆನ್ಸರೇ ತೂಗಿ ಕೈನಡುಕವನ್ನು ನುಂಗುತ್ತದೆ. ಮಸೂರದ ಸಂಗಮದೂರವನ್ನು ನಾವು ತಿಳಿಸಿದರೆ ಸಾಕು. ಅರವತ್ತು ದಾಟಿದ ಕಣ್ಣು ಕೈಗಳಿಗೆ ಇವೆಲ್ಲ ಊರುಗೋಲು.

2022ರ ಚಳಿಗಾಲದಲ್ಲಿ ಚಿಕ್ಕ ಸೆನ್ಸರಿನ ಮಿರರ್‌ಲೆಸ್ ಒಂದನ್ನು ಹಳೆಯದನ್ನೇ ಕೊಂಡು, ಹೀಲಿಯೋಸನ್ನು ತೊಡಿಸಿಕೊಂಡು, ಚಿಂಚೋಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ಚಿಗವ್ವನ ಬಳಿಗೆ ಹೋದೆ. ಅವ್ವನ ತಂಗಿಯರಲ್ಲಿ ಉಳಿದವಳು ಅವಳೊಬ್ಬಳೇ. ನಮ್ಮ ಬಿಸಿಲಿನಲ್ಲಿ ಎಫ್ 2ನ್ನು ತೆರೆದರೆ ಷಟರು ಸೆಕೆಂಡಿನ ಆರು ಸಾವಿರದ ಒಂದು ಭಾಗಕ್ಕಿಂತಲೂ ಚುರುಕಾಗಿರಬೇಕು. ಸಾಧಾರಣ ಕ್ಯಾಮೆರಾಗಳ ಷಟರು ನಾಲ್ಕು ಸಾವಿರಕ್ಕೇ ನಿಲ್ಲುತ್ತದೆ. ಆದಕಾರಣ ಪಡಸಾಲೆಯ ನೆರಳಿನಲ್ಲಿ ಅವಳನ್ನು ಕೂಡಿಸಿದೆ. ಅಂಗಳಕ್ಕೆ ಹಾಸಿದ ಶಹಾಬಾದಿ ಕಲ್ಲಿನ ಮೇಲೆ ಬಿದ್ದ ಬಿಸಿಲು ಮೇಲಕ್ಕೆ ಪುಟಿದು ಅವಳ ಕಣ್ಣ ಕೆಳಗಿನ ನೆರಳನ್ನು ತಿಳಿಮಾಡಿತ್ತು. ಯಾವ ಸ್ಟುಡಿಯೋದ ದೀಪವೂ ಅಷ್ಟು ಮೃದುವಾಗಿರಲಾರದು. ಅಷ್ಟರಲ್ಲಿ ತಾಂಡಾದ ಹೆಣ್ಣುಮಕ್ಕಳಿಬ್ಬರು ಸಂತೆಯಿಂದ ಮರಳುತ್ತ ಹಿಂದಿನ ಬಿಸಿಲಿನಲ್ಲಿ ಹಾದುಹೋದರು. ಅವರ ಲಂಗಗಳಲ್ಲಿ ಹೊಲೆದ ಕನ್ನಡಿಚೂರುಗಳು ಹೀಲಿಯೋಸಿನಲ್ಲಿ ದುಂಡು ದುಂಡಾದ ಬೆಳಕಿನ ಬಿಲ್ಲೆಗಳಾಗಿ ಚಿಗವ್ವನ ತಲೆಯ ಸುತ್ತ ಸುಳಿಯಾಡಿದವು. ಹೊಸ ಮಸೂರಗಳು ಇಂಥದ್ದನ್ನು ತಿದ್ದಿಬಿಡುತ್ತವೆ. ಪೆಟ್ಜ್‌ವಾಲರ ಕಾಲದ ಆ ‘ದೋಷ’ ಈ ಬಡ ಮಸೂರದಲ್ಲಿ ಇನ್ನೂ ಉಳಿದಿದೆ.

ಕಣ್ಣನ್ನು ಹಿಗ್ಗಿಸಿಕೊಂಡು, ರೆಪ್ಪೆಯ ಕೂದಲು ಕಂಡ ಮೇಲೆ ಗುಂಡಿ ಒತ್ತಿದೆ. ಒಂಬತ್ತು ಚಿತ್ರಗಳಲ್ಲಿ ಆರು ಸರಿಯಾಗಿದ್ದವು. ಮುಂದಿನ ವಾರ ದೊಡ್ಡದಾಗಿ ಅಚ್ಚುಹಾಕಿಸಿ ಒಯ್ದು ಕೊಟ್ಟೆ. ಚಿಗವ್ವ ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ತನ್ನ ಮುಖವನ್ನು ನೋಡಿಕೊಳ್ಳುತ್ತಿದ್ದಾಳೆಂದು ನಾನು ತಿಳಿದಿದ್ದೆ. “ಇವು ನಮ್ಮಕ್ಕನ ಕಣ್ಣು ಅವ ನೋಡಪಾ” ಎಂದಳು.

ಇನ್ನು ವ್ಯವಹಾರದ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ. ಮಿರರ್‌ಲೆಸ್ಸೇ ಎಲ್ಲರಿಗೂ ಬೇಕೆಂದು ನನ್ನ ವಾದವಲ್ಲ. ಡಿಎಸ್‌ಎಲ್‌ಆರ್ ಗಟ್ಟಿಮುಟ್ಟು. ಅದರ ಬ್ಯಾಟರಿ ಹೆಚ್ಚು ಹೊತ್ತು ಬಾಳುತ್ತದೆ, ಕನ್ನಡಿಯ ನೋಟ ಕಣ್ಣಿಗೆ ಹಿತ. ಅದೇ ಸಂಸ್ಥೆಯ, ತಾನೇ ಫೋಕಸ್ ಮಾಡಿಕೊಳ್ಳುವ ಮಸೂರ ನಿಮ್ಮಲ್ಲಿದ್ದರೆ ಅದನ್ನು ಬಿಡುವ ಕಾರಣವೇ ಇಲ್ಲ. ಒಂದು ಉದಾಹರಣೆ ಕೊಡುತ್ತೇನೆ. ನಿಕಾನಿನ ಎಎಫ್-ಡಿ ಎಂಬ ಹಳೆಯ 85 ಮಿ.ಮೀ. ಮಸೂರದೊಳಗೆ ಮೋಟಾರಿಲ್ಲ, ಕ್ಯಾಮೆರಾದೊಳಗಿನ ಮೋಟಾರು ತಿರುಪಿನಿಂದ ಅದನ್ನು ತಿರುಗಿಸುತ್ತದೆ. ನಿಕಾನಿನವರೇ ಮಿರರ್‌ಲೆಸ್ಸಿಗಾಗಿ ಮಾಡಿದ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಅಂಥ ಮೋಟಾರಿಲ್ಲದ್ದರಿಂದ ಅಲ್ಲಿ ಕೈಯಿಂದಲೇ ಫೋಕಸ್ ಮಾಡಬೇಕು. ಇಂಥ ಮಸೂರಕ್ಕೆ ಮೋಟಾರುಳ್ಳ ಡಿಎಸ್‌ಎಲ್‌ಆರ್ ಹೆಚ್ಚು ಅನುಕೂಲ. ಕೈಯಿಂದ ತಿರುಗಿಸಿ, ಕಣ್ಣಿನಿಂದ ನೋಡಿ ಫೋಕಸ್ ಮಾಡಬೇಕಾದ ಮಸೂರಗಳಿಗೆ ಮಾತ್ರ ಕನ್ನಡಿಯಿಲ್ಲದ ಕ್ಯಾಮೆರಾವೇ ತಕ್ಕ ಮನೆ.

ಹಳೆಯ ಮಸೂರ ಕೊಳ್ಳುವಾಗ ಅದನ್ನು ಬೆಳಕಿಗೆ ಹಿಡಿದು ಒಳಗೆ ನೋಡಿರಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಮಲೆನಾಡು ಕರಾವಳಿಗಳಿಂದ ಬಂದ ಮಸೂರಗಳಲ್ಲಿ ಇದರ ಭಯ ಹೆಚ್ಚು. ನಮ್ಮ ಒಣಹವೆಯಲ್ಲಿ ಕಡಿಮೆಯಾದರೂ ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿ ಮುಚ್ಚಿಡದೆ, ತೇವ ಹೀರುವ ಸಿಲಿಕಾದ ಪೊಟ್ಟಣದೊಡನೆ ಡಬ್ಬಿಯಲ್ಲಿಡುವುದು ಒಳ್ಳೆಯದು. ದ್ವಾರದ ಎಸಳುಗಳಿಗೆ ಎಣ್ಣೆ ಇಳಿದಿದೆಯೋ, ಬಳೆ ಸರಾಗ ತಿರುಗುತ್ತದೆಯೋ ನೋಡಿರಿ. ಗಾಜಿನ ಮೇಲೆ ಒಂದೆರಡು ಗೀರಿದ್ದರೆ ಅಂಜಬೇಕಾಗಿಲ್ಲ. ಚಿತ್ರಕ್ಕೆ ಅದು ತಾಗುವುದಿಲ್ಲ.

ಶಹಾಬಾದಿನ ಮಿತ್ರರಿಗೆ ಚಿಗವ್ವನ ಚಿತ್ರವನ್ನು ತೋರಿಸಿದೆ. ಕನ್ನಡಕವನ್ನು ಹಣೆಗೇರಿಸಿ ನೋಡಿ, “ಕಣ್ಣು ಬಂದಾವ” ಎಂದರು. ಅವರ ಮೆಚ್ಚುಗೆಯ ಪದಕೋಶದಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ಅವ್ವನ ಆ ಹದಿನೇಳು ಚಿತ್ರಗಳನ್ನು ನಾನು ಅಳಿಸಿಲ್ಲ. ಅವುಗಳಲ್ಲಿ ಒಂದನ್ನು ಚಿಕ್ಕದಾಗಿ ಅಚ್ಚುಹಾಕಿಸಿ ಬರೆಯುವ ಮೇಜಿನ ಮೇಲಿಟ್ಟುಕೊಂಡಿದ್ದೇನೆ. ಬುಗಡಿ ಅದರಲ್ಲಿ ಬಹಳ ಚೆನ್ನಾಗಿ ಬಂದಿದೆ. ಈಗ ಅದನ್ನು ನನ್ನ ಮೊಮ್ಮಗಳು ಇಟ್ಟುಕೊಳ್ಳುತ್ತಾಳೆ. ನಿಮ್ಮ ಕಪಾಟಿನಲ್ಲಿಯೂ ಹಳೆಯ ಮಸೂರವೊಂದು ಇದ್ದೀತು. ಮನೆಯ ಪಡಸಾಲೆಯಲ್ಲಿ ಹಿರಿಯರೊಬ್ಬರು ಕುಳಿತಿದ್ದಾರು. ಇವೆರಡರಲ್ಲಿ ಮುಪ್ಪಿಲ್ಲದಿರುವುದು ಯಾವುದೆಂದು ಮಿತ್ರರು ಮೊದಲೇ ಹೇಳಿದ್ದರು. ಸ್ವಲ್ಪ ತಡವಾಗಿ ನನಗೆ ಅರ್ಥವಾಯಿತು.